ಕುರಿಯ ಮದ್ದು ನಾಯಿಗಲ್ಲ, ನಾಯಿಯ ಮದ್ದು ಬೆಕ್ಕಿಗಲ್ಲ

ಮಧುಗಿರಿಯಿಂದ ಶಿರಾ ಕಡೆಗೆ ಹೋಗುವ ರಸ್ತೆಯ ಬಡವನಹಳ್ಳಿ ಸೀಮೆಯಲ್ಲಿ ವರ್ಷದ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳದ್ದು. ನೆಲ ನೆನೆದು ಒಂದಿಷ್ಟು ದಿನ ಕಳೆದರೆ ಮನೆಯ ನಾಯಿ ರಾತ್ರಿಯಿಡೀ ಕೆರೆದುಕೊಳ್ಳಲು ಶುರುಮಾಡುತ್ತದೆ. ಬಾಲದ ಬುಡವನ್ನು ಹಲ್ಲಿನಿಂದ ಕಚ್ಚಿ ಕಚ್ಚಿ ಕೂದಲು ಕಿತ್ತುಕೊಳ್ಳುತ್ತದೆ, ಜಗಲಿಗೆ ಬೆನ್ನು ಉಜ್ಜುತ್ತದೆ, ಎದ್ದು ಜಾಗ ಬದಲಿಸಿ ಮತ್ತೆ ಮಲಗುತ್ತದೆ. ಕೊರಟಗೆರೆ, ಪಾವಗಡದ ಕಡೆಯೂ ಇದೇ ಕಥೆ. ಬೇಸಿಗೆಯ ಒಣಹವೆಯಲ್ಲಿ ಒಣಗಿ ಸಾಯುತ್ತಿದ್ದ ಚಿಗಟದ ಮರಿಹುಳುಗಳಿಗೆ ಈಗ ನೆಲದಲ್ಲಿ ತೇವ ಸಿಕ್ಕಿರುತ್ತದೆ.

ಈ ನಾಲ್ಕೂ ತಾಲ್ಲೂಕುಗಳು ಕುರಿ ಮೇಕೆಯ ಸೀಮೆ. ಕುರಿ ಇದ್ದ ಮನೆಯ ಗೂಡಿನಲ್ಲಿ ಐವರ್ಮೆಕ್ಟಿನ್ ಚುಚ್ಚುಮದ್ದಿನ ಬಾಟಲಿ, ಬುಟಾಕ್ಸ್ ಹೆಸರಿನ ಡೆಲ್ಟಾಮೆಥ್ರಿನ್ ಬಾಟಲಿ, ಪಕ್ಕದಲ್ಲೇ ಬೆಳೆಗೆ ಹೊಡೆದು ಮಿಕ್ಕ ಕೀಟನಾಶಕ ಇರುವುದು ಸಾಮಾನ್ಯ. ನಾಯಿಗೆ ನವೆ ಎಂದರೆ ಕೈ ಮೊದಲು ಹೋಗುವುದು ಆ ಗೂಡಿಗೆ. ನನ್ನ ಆತಂಕವೆಲ್ಲ ಅಲ್ಲೇ ಇದೆ. ಚಿಗಟ ಕಚ್ಚಿ ಸಾಯುವ ದೊಡ್ಡ ನಾಯಿ ಅಪರೂಪ. ಚಿಗಟಕ್ಕೆಂದು ಹಾಕಿದ ತಪ್ಪು ಮದ್ದಿನಿಂದ ಸಾಯುವ ಬೆಕ್ಕು, ಮರಿನಾಯಿಗಳು ಹಾಗಲ್ಲ. ಆದ್ದರಿಂದ ಈ ಲೇಖನದ ಬಹುಪಾಲು ಮದ್ದಿನ ಬಗ್ಗೆಯೇ ಇದೆ. ಅದಕ್ಕೂ ಮೊದಲು ನವೆಗೆ ಕಾರಣ ಯಾವುದೆಂದು ಗುರುತಿಸಿಕೊಳ್ಳೋಣ.

ಎಲ್ಲಿ ಕೆರೆಯುತ್ತಿದೆ ನೋಡಿ

ನಾಯಿ ಮೈಯ ಯಾವ ಭಾಗವನ್ನು ಕೆರೆಯುತ್ತಿದೆ ಎಂಬುದೇ ಅರ್ಧ ಉತ್ತರ. ಸೊಂಟದ ಮೇಲ್ಭಾಗ, ಬಾಲದ ಬುಡ, ಹಿಂದಿನ ತೊಡೆ ಎಂದರೆ ಚಿಗಟದ ಮೇಲೆ ಮೊದಲ ಅನುಮಾನ. ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಗಂಟಿನಲ್ಲಿ ಹೊಪ್ಪಳೆ ಕಟ್ಟಿ ವಿಪರೀತ ನವೆ ಇದ್ದರೆ ಅದು ಅಂಟುವ ಕಜ್ಜಿ ಇರಬಹುದು. ಈ ಕಜ್ಜಿಯ ನಾಯಿಯನ್ನು ಎತ್ತಿ ಆಡಿಸಿದವರ ಕೈ, ಹೊಟ್ಟೆಯ ಮೇಲೂ ಕೆಂಪು ಗುಳ್ಳೆ ಏಳುತ್ತವೆ. ಮರಿನಾಯಿಯ ಕಣ್ಣಿನ ಸುತ್ತ, ಮುಂಗಾಲಿನಲ್ಲಿ ಹೆಚ್ಚು ನವೆಯಿಲ್ಲದೆ ಕೂದಲು ಉದುರಿದ್ದರೆ ಅದು ಬೇರೆ ಬಗೆಯ ಕಜ್ಜಿ, ಡೆಮೊಡೆಕ್ಸ್ ಎಂಬ ಹುಳುವಿನದು. ಅದು ಮನುಷ್ಯರಿಗೆ ಅಂಟುವುದಿಲ್ಲ. ಗುಂಡಗೆ ಕೂದಲು ಉದುರಿ ಅಂಚು ಕೆಂಪಾಗಿದ್ದರೆ ಹುಳುಕಡ್ಡಿ ಇರಬಹುದು. ಅದು ಮಕ್ಕಳಿಗೆ ಸಲೀಸಾಗಿ ಅಂಟುತ್ತದೆ. ಸದಾ ಪಾದ ನೆಕ್ಕುವುದು, ಕಿವಿ ಮತ್ತೆ ಮತ್ತೆ ಸೋರುವುದು, ಮೈ ಜಿಡ್ಡಾಗಿ ವಾಸನೆ ಬರುವುದು ಇದ್ದರೆ ಆಹಾರದ ಅಥವಾ ಧೂಳು, ಪರಾಗದ ಅಲರ್ಜಿ, ಅದರ ಮೇಲೆ ಬೆಳೆದ ಶಿಲೀಂಧ್ರ ಎಂದು ಊಹಿಸಬಹುದು. ಖಚಿತಪಡಿಸಲು ವೈದ್ಯರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಬೆಕ್ಕಿನಲ್ಲಿ ಚಿಗಟದ ಅಲರ್ಜಿ ಸಾಮಾನ್ಯವಾಗಿ ಕತ್ತು, ತಲೆ, ಬೆನ್ನಿನ ಮೇಲೆ ಕೈಗೆ ತರಿತರಿಯಾಗಿ ಸಿಗುವ ಸಣ್ಣ ಹೊಪ್ಪಳೆಗಳಾಗಿ ಕಾಣಿಸುತ್ತದೆ.

ಚಿಗಟ ಇದೆಯೇ ಎಂದು ತಿಳಿಯಲು ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ತಲೆಯ ಹೇನು ತೆಗೆಯುವ ಸೀರಣಿಗೆಯಿಂದ ನಾಯಿಯ ಸೊಂಟ, ಬಾಲದ ಬುಡ ಬಾಚಿ. ಉದುರಿದ ಕಪ್ಪು ಪುಡಿಯನ್ನು ಒದ್ದೆ ಹತ್ತಿ ಅಥವಾ ಬಿಳಿ ಬಟ್ಟೆಯ ಮೇಲೆ ಹಾಕಿ. ಸುತ್ತ ಕೆಂಪು ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಅದು ಕುಡಿದು ಹೊರಹಾಕಿದ ರಕ್ತ. ಹರಡದಿದ್ದರೆ ಬರೀ ಮಣ್ಣು. ಒಂದೂ ಸಿಗಲಿಲ್ಲವೆಂದು ಚಿಗಟ ಇಲ್ಲವೆಂದುಕೊಳ್ಳಬೇಡಿ. ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ನಾಯಿ ನಾಲ್ಕಾರು ಕಡಿತಕ್ಕೇ ವಾರಗಟ್ಟಲೆ ಕೆರೆದುಕೊಳ್ಳುತ್ತದೆ; ಬೆಕ್ಕಂತೂ ಮೈಯ ಚಿಗಟಗಳನ್ನು ನೆಕ್ಕಿ ನುಂಗಿ ಸಾಕ್ಷಿಯೇ ಇಲ್ಲದಂತೆ ಮಾಡಿರುತ್ತದೆ. ಹಾಗೆ ನುಂಗಿದ ಚಿಗಟದಿಂದಲೇ ಹೊಟ್ಟೆಗೆ ಲಾಡಿಹುಳು ಸೇರುವುದು. ಗುದದ ಬಳಿ ಸೌತೆಬೀಜದಂಥ ತುಣುಕುಗಳು ಕಂಡರೆ ಚಿಗಟದ ಜೊತೆಗೆ ಜಂತಿನ ಚಿಕಿತ್ಸೆಯೂ ಬೇಕು. ಮಕ್ಕಳು ಆಕಸ್ಮಿಕವಾಗಿ ಚಿಗಟ ನುಂಗಿದರೆ ಈ ಹುಳು ಅವರಿಗೂ ಬರಬಹುದು.

ಚಿಗಟ ಇರುವುದು ನೆಲದಲ್ಲಿ

ನಾಯಿಯ ಮೈಮೇಲೆ ಕಾಣುವ ದೊಡ್ಡ ಚಿಗಟಗಳು ಒಟ್ಟು ಸಂತಾನದಲ್ಲಿ ಸುಮಾರು ಶೇ 5 ಮಾತ್ರ ಎಂದು ಪಶುವೈದ್ಯರು ಲೆಕ್ಕ ಹೇಳುತ್ತಾರೆ. ಮಿಕ್ಕಿದ್ದೆಲ್ಲ ಮೊಟ್ಟೆ, ಮರಿಹುಳು, ಗೂಡುಹುಳುವಾಗಿ ನಾಯಿ ಮಲಗುವ ಗೋಣಿಚೀಲ, ಜಗಲಿಯ ಬಿರುಕು, ಮಂಚದಡಿ, ರೊಪ್ಪದ ಧೂಳಿನಲ್ಲಿರುತ್ತದೆ. ಹೆಣ್ಣು ಚಿಗಟ ದಿನಕ್ಕೆ 40–50 ಮೊಟ್ಟೆಯವರೆಗೂ ಇಡಬಲ್ಲದು. ಅವು ಕೂದಲಿಗೆ ಅಂಟಿಕೊಳ್ಳದೆ ನಾಯಿ ಹೋದಲ್ಲೆಲ್ಲ ಉದುರುತ್ತವೆ. ಅನುಕೂಲದ ಹವೆಯಲ್ಲಿ ಮೂರೇ ವಾರದಲ್ಲಿ ಹೊಸ ತಲೆಮಾರು ಸಿದ್ಧ. ಗೂಡುಹುಳುವಿನ ಹಂತಕ್ಕೆ ಯಾವ ಔಷಧವೂ ಸರಿಯಾಗಿ ತಾಗುವುದಿಲ್ಲ, ಅದು ತಿಂಗಳುಗಟ್ಟಲೆ ಗೂಡಿನೊಳಗೇ ಕಾದಿರುತ್ತದೆ. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಗಾಳಿ ತಾಗಿದಾಗ ಹೊರಬರುತ್ತದೆ. ಬೀಗ ಹಾಕಿ ಊರಿಗೆ ಹೋಗಿದ್ದ ಮನೆಯನ್ನು ತೆರೆದ ಗಳಿಗೆಯಲ್ಲೇ ಚಿಗಟ ಕಾಲಿಗೆ ಮುತ್ತುವುದು ಇದರಿಂದಲೇ. ಮದ್ದು ಹಾಕಿದ ಮೇಲೂ ಕೆಲವು ವಾರ ಹೊಸ ಚಿಗಟ ಕಾಣುವುದೂ ಇದರಿಂದಲೇ. ಮದ್ದು ಕೆಲಸ ಮಾಡಲಿಲ್ಲವೆಂದು ಎರಡನೆಯದನ್ನು ಅದರ ಮೇಲೇ ಸುರಿಯುವ ಅವಘಡ ನಡೆಯುವುದು ಈ ಹಂತದಲ್ಲಿ.

ಭಾರತದ ನಾಯಿಗಳಲ್ಲಿ ಸಿಗುವ ಚಿಗಟದ ಒಂದು ಜಾತಿ ಮೇಕೆ ಕುರಿಗಳ ಮೈಯಲ್ಲೂ ಬಾಳುತ್ತದೆ. ನಮ್ಮ ಕಡೆ ಇದು ದೊಡ್ಡ ಮಾತು. ನಾಯಿಗೆ ಎಷ್ಟೇ ಬೆಲೆಯ ಮಾತ್ರೆ ಕೊಟ್ಟರೂ ಅದು ಹೋಗಿ ಮಲಗುವ ರೊಪ್ಪ ಹಾಗೇ ಇದ್ದರೆ ನವೆ ಮರಳುತ್ತದೆ. ರೊಪ್ಪದ ಹಳೆಯ ಹಿಕ್ಕೆ, ಗೊಬ್ಬರದ ಪುಡಿಯನ್ನು ಪೂರ್ತಿ ಬಾಚಿ ದೂರದ ತಿಪ್ಪೆಗೆ ಸಾಗಿಸಿ, ನೆಲಕ್ಕೆ ಬಿಸಿಲು ಬೀಳುವಂತೆ ಮಾಡಿ. ಮಣ್ಣಿನ ಗೋಡೆ, ಮಾಳಿಗೆ ಮನೆಯ ಬಿರುಕುಗಳನ್ನು ಮೆತ್ತಿ ಸುಣ್ಣ ಬಳಿಯಿರಿ. ಉಣುಗಿಗೂ ಇದೇ ಪಟ್ಟು. ನಾಯಿಯ ಕಂದು ಉಣುಗು ರಕ್ತ ಕುಡಿದು ಕೆಳಗಿಳಿದು ಗೋಡೆ ಹತ್ತಿ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ.

ಮನೆಯೊಳಗೆ ಗೋಣಿ, ಹಳೆಯ ಬಟ್ಟೆಗಳನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿ; ಹಾಳಾದದ್ದನ್ನು ಸುಟ್ಟುಬಿಡಿ. ಕಂಬಳಿಯನ್ನು ಕುದಿಸಲಾಗದು, ಕೊಡವಿ ಮಧ್ಯಾಹ್ನದ ಬಿಸಿಲಿಗೆ ಮಗುಚಿ ಮಗುಚಿ ಹಾಕಬೇಕು. ಗುಡಿಸಿದ ಕಸ ಮೂಲೆಯಲ್ಲಿ ಉಳಿಯಬಾರದು. ಚಿಗಟ ಕಡಿಮೆಯಾಗಿದೆಯೇ ಎಂದು ತಿಳಿಯಲು ಬಿಳಿ ಪಂಚೆ ಉಟ್ಟು ಕೋಣೆಯಲ್ಲಿ ಓಡಾಡಿ, ಹಾರಿ ಕೂತ ಕಪ್ಪು ಚುಕ್ಕಿಗಳು ಕಾಣುತ್ತವೆ. ರಾತ್ರಿ ಅಗಲ ತಟ್ಟೆಯಲ್ಲಿ ಸೋಪಿನ ನೀರಿಟ್ಟು ಮೇಲೆ ಸಣ್ಣ ಬಲ್ಬ್ ಉರಿಸಿದರೂ ಅವು ಬಂದು ಬೀಳುತ್ತವೆ. ಇದರಿಂದ ಚಿಗಟ ನಿರ್ಮೂಲವಾಗದು, ಎಷ್ಟಿವೆ ಎಂಬ ಅಂದಾಜು ಸಿಗುತ್ತದೆ.

ಗೂಡಿನ ಬಾಟಲಿಗಳು

ಐವರ್ಮೆಕ್ಟಿನ್‌ನಿಂದ ಶುರುಮಾಡೋಣ. ಜಪಾನಿನ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಹುಟ್ಟಿದ ಈ ಔಷಧಕ್ಕಾಗಿ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರ ನೊಬೆಲ್ ಪಾಲು ಸಂದಿತು. ಕುರಿಯ ಜಂತು, ಕಜ್ಜಿಗೆ ಅದು ವರವೇ ಸರಿ. ಆದರೆ ಚಿಗಟವನ್ನು ಅದು ನಂಬುವಂತೆ ಕೊಲ್ಲುವುದಿಲ್ಲ. ಇನ್ನು ಅಳತೆ: ಶೇ 1ರ ಚುಚ್ಚುಮದ್ದಿನ ಒಂದು ಮಿಲಿಯಲ್ಲಿ 10 ಮಿಲಿಗ್ರಾಂ ಔಷಧವಿದೆ, ಅದು 50 ಕೆ.ಜಿ. ತೂಕದ ಕುರಿಯ ಲೆಕ್ಕ. ‘ಒಂದು ಮಿಲಿ ತಾನೇ’ ಎಂದು 10 ಕೆ.ಜಿ. ನಾಯಿಗೆ ಚುಚ್ಚಿದರೆ ಕುರಿಗೆ ಕೊಡುವುದರ ಐದು ಪಟ್ಟು. ಒಂದು ಕೆ.ಜಿ. ತೂಗುವ ಮರಿಗೆ ಐವತ್ತು ಪಟ್ಟು. ಕೋಲಿ, ಶೆಟ್ಲ್ಯಾಂಡ್ ಶೀಪ್‌ಡಾಗ್, ಆಸ್ಟ್ರೇಲಿಯನ್ ಶೆಫರ್ಡ್ ತಳಿಗಳಲ್ಲಿ, ಕೆಲವು ಜರ್ಮನ್ ಶೆಫರ್ಡ್‌ಗಳಲ್ಲಿ, ಇವುಗಳ ಮಿಶ್ರತಳಿಗಳಲ್ಲಿ ಒಂದು ಜೀನ್ ಕೆಟ್ಟಿರುತ್ತದೆ. ಅದಿದ್ದರೆ ಔಷಧ ಮಿದುಳಿಗೆ ನುಗ್ಗದಂತೆ ತಡೆಯುವ ಕಾವಲು ಇರುವುದಿಲ್ಲ. 2001ರಲ್ಲಿ ಅಮೆರಿಕದ ವಿಜ್ಞಾನಿಗಳು ಇದನ್ನು ಕಂಡುಕೊಂಡರು. ನಾಯಿ ಕುಡಿದವರಂತೆ ತೂರಾಡುವುದು, ಕಣ್ಣಿನ ಪಾಪೆ ಅಗಲವಾಗುವುದು, ಕಣ್ಣು ಕಾಣದಂತೆ ಗೋಡೆಗೆ ಡಿಕ್ಕಿ ಹೊಡೆಯುವುದು, ಜೊಲ್ಲು, ಕೊನೆಗೆ ಪ್ರಜ್ಞೆ ತಪ್ಪುವುದು ಔಷಧ ಮಿದುಳಿಗೇರಿದ ಲಕ್ಷಣ. ಪೇಟೆಯಿಂದ ತಂದ ತಳಿನಾಯಿಗೆ ಕುರಿಯ ಬಾಟಲಿಯನ್ನು ತೋರಿಸಲೂ ಬೇಡಿ.

ಎರಡನೆಯದು ಪೈರೆಥ್ರಾಯ್ಡ್ ಗುಂಪು: ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಪರ್ಮೆಥ್ರಿನ್. ಲೇಬಲ್ ಹೇಳಿದಂತೆ ನೀರಿಗೆ ಬೆರೆಸಿದರೆ ದನ, ಕುರಿಗಳು ತಡೆಯುತ್ತವೆ, ಆರೋಗ್ಯವಂತ ದೊಡ್ಡ ನಾಯಿಯೂ ತಡೆಯುತ್ತದೆ. ಬೆಕ್ಕು ತಡೆಯದು. ಈ ರಾಸಾಯನಿಕವನ್ನು ಒಡೆದು ಹೊರಹಾಕುವ ಕಿಣ್ವ ಅದರ ಪಿತ್ತಜನಕಾಂಗದಲ್ಲಿ ತೀರ ಕಡಿಮೆ. ನಾಯಿಗೆಂದೇ ಮಾಡಿದ ಪರ್ಮೆಥ್ರಿನ್ ಹನಿಯನ್ನು ಬೆಕ್ಕಿನ ಕತ್ತಿಗೆ ಹಾಕಿದರೆ ಕೆಲವೇ ಗಂಟೆಗಳಲ್ಲಿ ಕಿವಿ, ಮೀಸೆ, ಮೈ ಅದುರತೊಡಗುತ್ತದೆ, ಆಮೇಲೆ ಸೆಳೆತ. ಮದ್ದು ಹಾಕಿದ ನಾಯಿಯ ಮಗ್ಗುಲಲ್ಲಿ ಮಲಗಿದ, ಅದರ ಮೈ ನೆಕ್ಕಿದ ಬೆಕ್ಕಿಗೂ ವಿಷ ಏರುತ್ತದೆ. ಎರಡೂ ಇರುವ ಮನೆಯಲ್ಲಿ ಈ ಗುಂಪನ್ನೇ ಬಿಟ್ಟುಬಿಡುವುದು ಕ್ಷೇಮ; ಬಿಡಲಾಗದಿದ್ದರೆ ಎರಡು ಮೂರು ದಿನ ಬೇರೆ ಬೇರೆ ಇಡಿ. ನಾಯಿ ತೊಳೆದ ನೀರು ಕಟ್ಟೆಗೆ ಹರಿದರೆ ಮೀನು ಸಾಯುತ್ತದೆ. ರೇಷ್ಮೆ ಸಾಕುವವರು ಇನ್ನೂ ಎಚ್ಚರವಾಗಿರಬೇಕು: ಹಿಪ್ಪುನೇರಳೆ ಸೊಪ್ಪಿನ ಹತ್ತಿರ, ಹುಳುಮನೆಯ ಬಾಗಿಲಲ್ಲಿ ಈ ಮದ್ದು ಸಿಂಪಡಿಸಿದರೆ, ಅದೇ ಕೈಯಲ್ಲಿ ಸೊಪ್ಪು ಮುಟ್ಟಿದರೆ ಇಡೀ ಚಾಕಿ ಹೋಗಬಹುದು.

ಅಮಿಟ್ರಾಜ್ ಉಣುಗು, ಕಜ್ಜಿಗೆ ಒಳ್ಳೆಯದು, ಚಿಗಟಕ್ಕೆ ಅಷ್ಟಕ್ಕಷ್ಟೆ. ಬೆಕ್ಕಿಗೆ, ಗಬ್ಬದ ನಾಯಿಗೆ, ತೀರ ಎಳೆಯ ಮರಿಗೆ, ಸಕ್ಕರೆ ಕಾಯಿಲೆಯ ನಾಯಿಗೆ ಹಾಕಬಾರದು. ಬೆರೆಸಿದ ನೀರನ್ನು ಎತ್ತಿಟ್ಟು ಮರುವಾರ ಬಳಸುವುದು ಅಪಾಯ, ಅವತ್ತಿನದು ಅವತ್ತಿಗೆ. ಸ್ನಾನದ ಬಳಿಕ ನಾಯಿ ಮಂಕಾಗಿ ತೂಕಡಿಸಿ, ಮೈ ತಣ್ಣಗಾಗಿ, ಎದೆಬಡಿತ ನಿಧಾನವಾದರೆ ಅದು ವಿಷದ ಲಕ್ಷಣ, ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು.

ಬೆಳೆಯ ಕೀಟನಾಶಕ ಮತ್ತು ಹಳೆಯ ಡಬ್ಬಿಯ ಗ್ಯಾಮಕ್ಸಿನ್, ಅಂದರೆ ಬಿಎಚ್‌ಸಿ, ಪುಡಿಗೆ ನಾಯಿಯ ಮೈಮೇಲೆ ಜಾಗವೇ ಇಲ್ಲ. ಬಿಎಚ್‌ಸಿ ಪುಡಿಯನ್ನು ದೇಶದಲ್ಲಿ 1997ರಲ್ಲೇ ನಿಷೇಧಿಸಲಾಗಿದೆ. ಮೋನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್‌ನಂಥವು ಚರ್ಮದಿಂದಲೇ ಒಳಸೇರುತ್ತವೆ. ಜೊಲ್ಲು, ಕಣ್ಣೀರು, ಭೇದಿ, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ನಡುಕ ಕಂಡರೆ ಅಟ್ರೊಪಿನ್ ಚುಚ್ಚುಮದ್ದು ಸಿಗುವ ಕಡೆಗೆ ಓಡಬೇಕು.

ನಾಯಿಗೆಂದೇ ಇರುವ ಮದ್ದೂ ಒಗ್ಗದಿದ್ದಾಗ

ಸರಿಯಾದ ಮದ್ದನ್ನು ಸರಿಯಾದ ಅಳತೆಯಲ್ಲಿ ಹಾಕಿದರೂ ಕೆಲವು ಪ್ರಾಣಿಗಳಿಗೆ ಒಗ್ಗುವುದಿಲ್ಲ. ಕತ್ತಿನ ಹಿಂದೆ ಹಾಕುವ ಹನಿಗಳಲ್ಲಿ, ಉದಾಹರಣೆಗೆ ಫಿಪ್ರೊನಿಲ್‌ನಲ್ಲಿ, ಹಾಕಿದ ಜಾಗ ಕೆಂಪಾಗುವುದು, ಉರಿ ತಾಳದೆ ನಾಯಿ ನೆಲಕ್ಕೆ ಉಜ್ಜುವುದು, ಕೂದಲು ಉದುರುವುದು ಉಂಟು. ಬಹಳ ಸಲ ಕಾರಣ ಔಷಧವಲ್ಲ, ಅದನ್ನು ಕರಗಿಸಿದ ದ್ರಾವಕ. ನೆಕ್ಕಿದಾಗ ಕಹಿಗೆ ಬಾಯಲ್ಲಿ ನೊರೆ ಬಂದರೆ ಗಾಬರಿ ಬೇಡ, ಶುದ್ಧ ನೀರು ಕುಡಿಸಿ, ನೊರೆ ನಿಲ್ಲುತ್ತದೆ. ಮೊಲಕ್ಕೆ ಮಾತ್ರ ಫಿಪ್ರೊನಿಲ್ ಪ್ರಾಣಾಂತಿಕ, ಎಂದೂ ಹಾಕಬಾರದು.

ಈಗ ಪಟ್ಟಣದ ಔಷಧದಂಗಡಿಗಳಲ್ಲಿ ಸಿಗುವ ಅಗಿಯುವ ಮಾತ್ರೆಗಳು, ಅಂದರೆ ಅಫಾಕ್ಸೊಲೇನರ್, ಫ್ಲುರಲೇನರ್, ಸರೊಲೇನರ್, ಚಿಗಟ ಉಣುಗು ಎರಡಕ್ಕೂ ಚೆನ್ನಾಗಿ ನಾಟುತ್ತವೆ. ಮೈಗೆ ಹಚ್ಚುವುದು ಒಗ್ಗದ ನಾಯಿಗೆ ಇವು ದಾರಿ. ಆದರೆ 2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಇಡೀ ಗುಂಪಿನ ಬಗ್ಗೆ ಎಚ್ಚರಿಕೆ ಕೊಟ್ಟಿತು: ಕೆಲವು ನಾಯಿ ಬೆಕ್ಕುಗಳಲ್ಲಿ ನಡುಕ, ತೂರಾಟ, ಫಿಟ್ಸ್ ಕಂಡುಬಂದಿವೆ. ನಿಮ್ಮ ನಾಯಿಗೆ ಹಿಂದೆಂದಾದರೂ ಫಿಟ್ಸ್ ಬಂದಿದ್ದರೆ ಮಾತ್ರೆ ಬರೆಸಿಕೊಳ್ಳುವ ಮುನ್ನವೇ ವೈದ್ಯರಿಗೆ ತಿಳಿಸಿ. ದುಡ್ಡು ಉಳಿಸಲು ದೊಡ್ಡ ನಾಯಿಯ ಮಾತ್ರೆಯನ್ನು ಮುರಿದು ಎರಡು ಮರಿಗಳಿಗೆ ಹಂಚುವುದೂ ಬೇಡ. ಮದ್ದು ಮಾತ್ರೆಯಲ್ಲಿ ಸಮನಾಗಿ ಹರಡಿರುತ್ತದೆಂಬ ಖಾತರಿಯಿಲ್ಲ.

ಯಾವ ಹೊಸ ಮದ್ದಾದರೂ ಬೆಳಗ್ಗೆ ಹಾಕಿ, ಆಸ್ಪತ್ರೆ ತೆರೆದಿರುವ ದಿನ ಹಾಕಿ. ಭಾನುವಾರ ಸಂಜೆ ಹಾಕಿ ರಾತ್ರಿ ಮಲಗಿಬಿಟ್ಟರೆ ನಡುಕ ಶುರುವಾದದ್ದು ಗೊತ್ತಾಗುವುದೇ ಇಲ್ಲ. ಮೊದಲು ತೂಕ ನೋಡಿ: ನಾಯಿಯನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ನಿಮ್ಮ ತೂಕ ಕಳೆದರಾಯಿತು. ಹನಿ ಹಾಕುವ ಎರಡು ದಿನ ಹಿಂದೆ ಮುಂದೆ ಸ್ನಾನ ಬೇಡ. ಕೂದಲು ಬಿಡಿಸಿ ಚರ್ಮದ ಮೇಲೆ, ನಾಲಿಗೆಗೆ ಎಟುಕದ ಕತ್ತಿನ ಬುಡದಲ್ಲಿ ಹಾಕಿ. ಗಾಯ ಇರುವ ಜಾಗಕ್ಕೆ ಬೇಡ. ಜಂತಿನ ಔಷಧ, ಲಸಿಕೆ, ಚಿಗಟದ ಮದ್ದು ಮೂರನ್ನೂ ಒಂದೇ ದಿನ ಮುಗಿಸುವ ಅವಸರ ಬೇಡ, ತೊಂದರೆ ಬಂದರೆ ಯಾವುದರಿಂದ ಎಂದು ತಿಳಿಯದು. ಎಂಟು ವಾರದೊಳಗಿನ ಮರಿಗೆ ಬಹುತೇಕ ಮದ್ದುಗಳು ನಿಷಿದ್ಧ. ಅದಕ್ಕೆ ಸೀರಣಿಗೆ, ಬೆಚ್ಚನೆ ನೀರು, ಸೌಮ್ಯ ಸೋಪೇ ಗತಿ. ಮರಿಯ ವಸಡು ಬಿಳಿಚಿದ್ದರೆ ಚಿಗಟ ರಕ್ತ ಹೀರಿ ಹೀರಿ ಪ್ರಾಣಕ್ಕೆ ಬಂದಿದೆ ಎಂದರ್ಥ, ಆಗ ಕಾಯಬೇಡಿ.

ಮೈಗೆ ಹಾಕಿದ ಮದ್ದು ತಿರುಗಿಬಿದ್ದರೆ ಮೊದಲು ಮಾಡಬೇಕಾದದ್ದು ತೊಳೆಯುವುದು. ಹನಿಗಳು ಎಣ್ಣೆಯ ಗುಣದವು, ಬರೀ ನೀರಿಗೆ ಹೋಗವು. ಪಾತ್ರೆ ತೊಳೆಯುವ ದ್ರವ ಸೋಪನ್ನು ಉಗುರುಬೆಚ್ಚಗಿನ ನೀರಿನಲ್ಲಿ ಬೆರೆಸಿ ಎರಡು ಮೂರು ಸಲ ತೊಳೆದು, ಒರೆಸಿ, ಬೆಚ್ಚಗೆ ಸುತ್ತಿ. ಬಿಸಿನೀರು ಬೇಡ, ಅದು ಮದ್ದನ್ನು ಇನ್ನಷ್ಟು ಒಳಕ್ಕೆಳೆಯುತ್ತದೆ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಿ. ನಡುಕ, ಸೆಳೆತ ಇದ್ದರೆ ಬಾಯಿಗೆ ಹಾಲು, ಎಣ್ಣೆ, ಉಪ್ಪುನೀರು ಏನನ್ನೂ ಹಾಕಬೇಡಿ, ವಾಂತಿ ಮಾಡಿಸಬೇಡಿ. ಅದು ಶ್ವಾಸಕ್ಕೆ ಹೋಗುತ್ತದೆ. ಮದ್ದಿನ ಪೊಟ್ಟಣ ಸಮೇತ ಹತ್ತಿರದ ಪಶು ಆಸ್ಪತ್ರೆಗೆ ಹೊರಡಿ. ಗಾಡಿ ಸಿಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಕೇಳಿ. ತೀರ ಕಷ್ಟದ ಪ್ರಕರಣಗಳಿಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ನವೆ ತಣಿಸಲು

ಚಿಗಟ ಸತ್ತರೂ ಅಲರ್ಜಿಯ ಉರಿ ಕೂಡಲೇ ಇಳಿಯದು. ಕೆಂಪಾದ ಜಾಗಕ್ಕೆ ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಒತ್ತಿ, ದಿನಕ್ಕೆ ಮೂರು ನಾಲ್ಕು ಸಲ. ನಾವು ಮೈಗೆ ಹಚ್ಚುವ ಸೋಪು, ಶಾಂಪೂ ನಾಯಿಯ ಚರ್ಮಕ್ಕೆ ಹೊಂದುವುದಿಲ್ಲ. ನಾಯಿಯ ಶಾಂಪೂ, ಸೋಂಕಿದ್ದರೆ ವೈದ್ಯರು ಹೇಳಿದ ಕ್ಲೋರ್‌ಹೆಕ್ಸಿಡಿನ್ ಶಾಂಪೂ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಸೋಪು ಸರಿಯಾಗಿ ಬಿಡದೆ ಚರ್ಮದ ಮೇಲೆ ಉಳಿದರೆ ಅದೇ ಹೊಸ ನವೆ. ಕೊನೆಯ ಎರಡು ಬಕೆಟ್ಟಿಗಾದರೂ ಮಳೆನೀರು, ಸಿಹಿನೀರು ಬಳಸಿ. ಉಗುರು ಕತ್ತರಿಸಿ. ಹುಣ್ಣಾದ ಜಾಗ ನೆಕ್ಕದಂತೆ ಹಳೆಯ ಪ್ಲಾಸ್ಟಿಕ್ ಬಕೆಟ್‌ನ ತಳ ಕತ್ತರಿಸಿ ಕೊರಳಪಟ್ಟಿ ಮಾಡಿಕೊಳ್ಳಬಹುದು, ಅಂಚಿಗೆ ಬಟ್ಟೆ ಸುತ್ತುವುದನ್ನು ಮರೆಯಬೇಡಿ.

ಅಜ್ಜಿಯ ಕಾಲದ ಮದ್ದುಗಳ ಬಗ್ಗೆ ನನಗೆ ಗೌರವವಿದೆ, ಆದರೆ ಇಲ್ಲಿ ಕಟುವಾಗಿ ಹೇಳಬೇಕು. ಕಜ್ಜಿ ನಾಯಿಗೆ ಗ್ಯಾರೇಜಿನ ಕೊಳೆ ಆಯಿಲ್ ಬಳಿಯುವುದು, ಸೀಮೆಎಣ್ಣೆ ಸವರುವುದು, ಹೊಗೆಸೊಪ್ಪಿನ ನೀರು ಹೊಯ್ಯುವುದು ಚಿಕಿತ್ಸೆಯಲ್ಲ, ಹಿಂಸೆ. ನಾಯಿ ಅವನ್ನೆಲ್ಲ ನೆಕ್ಕಿ ಒಳಗೆ ತೆಗೆದುಕೊಳ್ಳುತ್ತದೆ. ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆಯೂ ವಿಷವೇ. ಫಿನಾಯಿಲ್ ಒರೆಸಿದ ನೆಲ ಒಣಗುವ ತನಕ ಬೆಕ್ಕು ಅಲ್ಲಿ ಕಾಲಿಡಬಾರದು. ಬೇವಿನ ಎಣ್ಣೆಯನ್ನು ಹಸಿಯಾಗಿ ಹಚ್ಚಿದರೆ ನಾಯಿಯ ಚರ್ಮ ಕೆರಳಬಹುದು, ಬೆಕ್ಕಿಗಂತೂ ಬೇಡವೇ ಬೇಡ. ಬೆಳ್ಳುಳ್ಳಿ ತಿನ್ನಿಸಿದರೆ ಚಿಗಟ ಓಡುತ್ತದೆ ಎಂಬುದಕ್ಕೆ ಆಧಾರವಿಲ್ಲ, ರಕ್ತಕಣಗಳು ಒಡೆಯುತ್ತವೆ ಎಂಬುದಕ್ಕೆ ಇದೆ. ಅಂಟಿಕೊಂಡ ಉಣುಗನ್ನು ಬೀಡಿಯಿಂದ ಸುಡದೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ, ಬರಿಗೈಲಿ ಹೊಸಕಬೇಡಿ. ಉಣುಗು ಕಚ್ಚಿದ ನಾಯಿ ಅನ್ನ ಬಿಟ್ಟು, ಜ್ವರ ಬಂದು, ಮೂಗಿನಲ್ಲಿ ರಕ್ತ ಅಥವಾ ಕಾಫಿ ಬಣ್ಣದ ಮೂತ್ರ ಕಂಡರೆ ಅದು ಉಣುಗು ಜ್ವರ ಇರಬಹುದು, ಅವತ್ತೇ ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ಮಾತ್ರೆಡಬ್ಬಿಯಿಂದಲೂ ಏನನ್ನೂ ಕೊಡಬಾರದು. ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ‘ನವೆಗೊಂದು ಇಂಜೆಕ್ಷನ್ ಹಾಕಿಬಿಡಿ’ ಎಂದು ಸ್ಟೆರಾಯ್ಡ್‌ಗೆ ಒತ್ತಾಯಿಸುವುದೂ ಒಳ್ಳೆಯದಲ್ಲ. ಅಂದಿಗೆ ನವೆ ಮಾಯವಾಗುತ್ತದೆ ನಿಜ, ಡೆಮೊಡೆಕ್ಸ್ ಕಜ್ಜಿಯಾಗಿದ್ದರೆ ಅದೇ ಇಂಜೆಕ್ಷನ್ ಅದನ್ನು ಮೈತುಂಬ ಹಬ್ಬಿಸುತ್ತದೆ. ವೈದ್ಯರು ಪರೀಕ್ಷಿಸಿ ಸ್ಟೆರಾಯ್ಡ್ ಮಾತ್ರೆ ಬರೆದಿದ್ದರೆ ಹೇಳಿದಷ್ಟು ದಿನ ಕೊಡಿ, ನಡುವೆ ದಿಢೀರನೆ ನಿಲ್ಲಿಸಬೇಡಿ.

ಚಿಗಟದ ಚಿಕಿತ್ಸೆಯನ್ನು ಕನಿಷ್ಠ ಮೂರು ತಿಂಗಳು ಬಿಡದೆ ನಡೆಸಬೇಕು, ನೆಲದಲ್ಲಿ ಕಾದಿರುವ ಗೂಡುಹುಳುಗಳೆಲ್ಲ ಹೊರಬರಲು ಅಷ್ಟು ಕಾಲ ಹಿಡಿಯುತ್ತದೆ. ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಅವವುಗಳ ಮದ್ದು ಒಂದೇ ಹೊತ್ತಿಗೆ ಆಗಬೇಕು, ರೊಪ್ಪದ ಕೆಲಸವೂ ಅದೇ ವಾರ. ಹಾಕಿದ ದಿನ, ಮದ್ದಿನ ಹೆಸರು, ಅವತ್ತಿನ ತೂಕ, ಕಂಡ ತೊಂದರೆ ಇಷ್ಟನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಂದಿನ ಸಲ ಮದ್ದು ಬದಲಿಸಬೇಕೇ ಎಂದು ನಿರ್ಧರಿಸಲು ವೈದ್ಯರು ಮೊದಲು ಕೇಳುವುದು ಅದನ್ನೇ.